ಗಾಳಿ, ಬಟ್ಟೆ, ಹಗ್ಗ



ಅಂದು ಜೋಳದ ರಾಶಿ. ನಮ್ಮ ಓದಿನ ಗುಂಪಿನ ಒಬ್ಬ ತಂಗಿ ಕಣದ ಹತ್ತಿರ ತಾಡಪತ್ರಿ ಕಟ್ಟಿದಳು. ಅದರ ನೆರಳಲ್ಲಿ ಕೂಸನ್ನು ಮಲಗಿಸಿದಳು. ಗಾಳಿಗೆ ಹಾರಬಾರದು ಎಂದು ನಾಲ್ಕು ಮೂಲೆಗೂ ಎರಡೆರಡು ಗಂಟು ಬಿಗಿದಳು.

ಮಧ್ಯಾಹ್ನ ಬಿರುಗಾಳಿ ಎದ್ದಿತು. ತಾಡಪತ್ರಿ ಪುರಿಯಂತೆ ಉಬ್ಬಿತು. ಒಂದು ಗೂಟ ಕಿತ್ತಿತು. ಗಂಟು ಬಿಚ್ಚಲು ಹೋದರೆ ಬಿಚ್ಚಲಿಲ್ಲ. ಅಜ್ಜಿ ಓಡಿ ಬಂದು ಕೂಸನ್ನು ಎತ್ತಿಕೊಂಡಳು. ಕೂಸಿಗೆ ಏನೂ ಆಗಲಿಲ್ಲ. ಆದರೆ ಗೂಟ ಬಂದು ಬಿದ್ದದ್ದು ಕೂಸಿನ ದಿಂಬಿನ ಮೇಲೆ!

"ಗಟ್ಟಿ ಕಟ್ಟಿದ್ನಲ್ಲ ಅಕ್ಕಾ, ಮತ್ತ ಹ್ಯಾಂಗ ಕಿತ್ತಿತು?" ಎಂದು ಆಕೆ ಕೇಳಿದಳು.

ಇದಕ್ಕೆ ಉತ್ತರ ಹಾಯಿದೋಣಿ ನಡೆಸುವವರಿಗೆ ಗೊತ್ತು. ನಮ್ಮ ಔರಾದಕ್ಕೆ ಸಮುದ್ರ ದೂರ. ಆದರೂ ಆ ದೋಣಿಯ ಪಾಠ ನಮಗೆ ಬೇಕು.

ಹಾಯಿ ಎಂದರೆ ದೊಡ್ಡ ಬಟ್ಟೆ. ದೋಣಿಯ ನಡುವೆ ಒಂದು ಕಂಬ. ಕಂಬಕ್ಕೆ ಒಂದು ಅಡ್ಡಮರ. ಇವೆರಡಕ್ಕೂ ಹಾಯಿ ಕಟ್ಟಿರುತ್ತದೆ. ಅಡ್ಡಮರ ಬಾಗಿಲಿನಂತೆ ಆ ಕಡೆ ಈ ಕಡೆ ತಿರುಗುತ್ತದೆ. ಅದನ್ನು ಹಿಡಿತದಲ್ಲಿ ಇಡುವುದು ಒಂದೇ ಹಗ್ಗ. ಹಗ್ಗ ಎಳೆದರೆ ಹಾಯಿ ಗಾಳಿ ಹಿಡಿಯುತ್ತದೆ. ಸಡಿಲ ಬಿಟ್ಟರೆ ಬಾವುಟದಂತೆ ಪಟಪಟ ಎನ್ನುತ್ತದೆ. ಆಗ ಗಾಳಿಯ ಜೋರು ದೋಣಿಗೆ ತಾಗುವುದಿಲ್ಲ. ಅದಕ್ಕೇ ಜೋರು ಗಾಳಿ ಬಂದಾಗ ಮೊದಲು ಹಗ್ಗ ಬಿಡುತ್ತಾರೆ. ಬಿಡದಿದ್ದರೆ ಸಣ್ಣ ದೋಣಿ ಮಗುಚಬಹುದು.

ಇದು ಗಂಡಸರ ಕೆಲಸವೇ? ಅಲ್ಲ. 2017ರ ಸೆಪ್ಟೆಂಬರ್ 10ರಂದು ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ಗೋವಾದಿಂದ ಹೊರಟರು. ಹಡಗಿನ ಹೆಸರು ತಾರಿಣಿ. ಮುಂದಾಳು ವರ್ತಿಕಾ ಜೋಶಿ. ಭೂಮಿಯನ್ನೇ ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿ ಬಂದರು. ಅದೇ ತಾರಿಣಿಯಲ್ಲಿ 2024-25ರಲ್ಲಿ ಇಬ್ಬರೇ ಹೆಣ್ಣುಮಕ್ಕಳು ಸುತ್ತಿ ಬಂದರು. ಅವರು ದಿಲ್ನಾ ಮತ್ತು ರೂಪಾ.

ತಾರಿಣಿ ದೊಡ್ಡದು. ಸಣ್ಣ ದೋಣಿಯಲ್ಲಿ ನಡೆಸುವವರು ಹಿಂದುಗಡೆ ಬಯಲಲ್ಲೇ ಕೂಡುತ್ತಾರೆ. ಮೇಲೆ ಸುಡುವ ಬಿಸಿಲು. ಕೆಳಗೆ ನೀರಿನ ಮೇಲಿಂದ ಬರುವ ಝಳ. ನೆರಳು ಬೇಕೇ ಬೇಕು. ಆದರೆ ನೆರಳಿನ ಬಟ್ಟೆ ಕಟ್ಟಿದರೆ ಎರಡು ತೊಡಕು. ತಿರುಗುವ ಅಡ್ಡಮರ ಬಟ್ಟೆಗೆ ಬಡಿಯುತ್ತದೆ. ಅಡ್ಡಮರದ ಹಿಂದಿನ ತುದಿಯಿಂದ ಇಳಿಯುವ ಹಗ್ಗಕ್ಕೂ ಬಟ್ಟೆ ಅಡ್ಡ ಬರುತ್ತದೆ.

ಹಾಗಾಗಿ ನೆರಳನ್ನು ಅಡ್ಡಮರಕ್ಕಿಂತ ಕೆಳಗೆ ಕಟ್ಟಬೇಕು. ಹಗ್ಗವನ್ನು ಅಡ್ಡಮರದ ತುದಿಯಿಂದ ಬಿಚ್ಚಿ ನಡುವಿಗೆ ಕಟ್ಟಬೇಕು. ಆಗ ಅದು ಕೂಡುವ ಜಾಗದ ಮುಂದೆ ಇಳಿಯುತ್ತದೆ. ಆದರೆ ಒಂದು ಮಾತು. ಬಾಗಿಲನ್ನು ಅಂಚಿನಲ್ಲಿ ದೂಡಿ ನೋಡಿ, ಹಗುರ. ಬಿಜಾಗರಿಯ ಹತ್ತಿರ ದೂಡಿ ನೋಡಿ, ಭಾರ. ಇಲ್ಲಿಯೂ ಹಾಗೆ. ತುದಿಯಲ್ಲಿ 10 ಕಿಲೋ ಎಳೆತ ಸಾಕಾಗುತ್ತಿತ್ತು ಎನ್ನೋಣ. ನಡುವಿನಲ್ಲಿ 20 ಕಿಲೋ ಬೇಕು!

ಇಷ್ಟು ಭಾರ ದಿನವಿಡೀ ಎಳೆದರೆ ರಟ್ಟೆ ಉಳಿಯುವುದೇ? ಅದಕ್ಕೆ ಗಡಗಡಿ ಬಂತು. ಬಾವಿಯಲ್ಲಿ ಇರುತ್ತದಲ್ಲ, ಅದೇ. ಪುಸ್ತಕದಲ್ಲಿ ರಾಟೆ ಎನ್ನುತ್ತಾರೆ. ಬಾವಿಯ ಒಂದು ಗಡಗಡಿ ಭಾರ ಕಡಿಮೆ ಮಾಡುವುದಿಲ್ಲ. ಮೇಲೆ ಎಳೆಯುವ ಬದಲು ಕೆಳಗೆ ಎಳೆಯಲು ಬರುತ್ತದೆ, ಅಷ್ಟೇ. ಆದರೆ ಅಡ್ಡಮರಕ್ಕೆ ಎರಡು, ದೋಣಿಗೆ ಎರಡು ಗಡಗಡಿ ಹಾಕಿ ಹಗ್ಗ ಸುತ್ತಿಸಿದರೆ ನಡುವೆ ನಾಲ್ಕು ಎಳೆ ಆಗುತ್ತವೆ. 20 ಕಿಲೋ ಭಾರ ನಾಲ್ಕು ಎಳೆಗೆ ಹಂಚಿಹೋಗುತ್ತದೆ. ಕೈಗೆ ಬರುವುದು ಸುಮಾರು 5 ಕಿಲೋ. ತಿಕ್ಕಾಟದಿಂದ ತುಸು ಹೆಚ್ಚು. ಇದು ಪುಕ್ಕಟೆ ಅಲ್ಲ. ಅಡ್ಡಮರ ಒಂದು ಮೊಳ ಬರಬೇಕಾದರೆ ನಾಲ್ಕು ಮೊಳ ಹಗ್ಗ ಎಳೆಯಬೇಕು.

ಈಗ ನಮ್ಮ ಕಣಕ್ಕೆ ಬನ್ನಿ. ಗಾಳಿಗೆ ಸಿಕ್ಕ ತಾಡಪತ್ರಿಯೂ ಒಂದು ಹಾಯಿ. ತಂಗಿ ಗಟ್ಟಿ ಕಟ್ಟಿದ್ದು ತಪ್ಪಲ್ಲ. ಬಿಚ್ಚಲು ಬಾರದಂತೆ ಕಟ್ಟಿದ್ದು ತಪ್ಪು.

ತಾಡಪತ್ರಿಯನ್ನು ತಗ್ಗಾಗಿ, ಬಿಗಿಯಾಗಿ ಕಟ್ಟಿ. ಜೋಲು ಬಿಟ್ಟರೆ ಅದರಲ್ಲಿ ಗಾಳಿ ತುಂಬುತ್ತದೆ. ತೂತು ಇಲ್ಲದಿದ್ದರೆ ಮೂಲೆಯಲ್ಲಿ ಒಂದು ದುಂಡನೆ ಹರಳು ಇಟ್ಟು, ಬಟ್ಟೆ ಮಡಚಿ, ಹರಳಿನ ಕುತ್ತಿಗೆಗೆ ಹಗ್ಗ ಸುತ್ತಿ. ಹಳೆ ಸೀರೆಯೂ ಆಗ ಬೇಗ ಹರಿಯುವುದಿಲ್ಲ. ಗೂಟವನ್ನು ಹೊರಕ್ಕೆ ವಾಲಿಸಿ ಹೊಡೆಯಿರಿ. ಗಂಟು ಹಾಕುವಾಗ ಹಗ್ಗದ ತುದಿಯನ್ನು ಪೂರ್ತಿ ಎಳೆಯಬೇಡಿ. ಲಂಗದ ಲಾಡಿಯಂತೆ ಕುಣಿಕೆ ಬಿಡಿ. ತುದಿ ಜಗ್ಗಿದರೆ ಬಿಚ್ಚಬೇಕು.

ಗಾಳಿ ಎದ್ದಿತೇ? ಮೊದಲು ಕೂಸನ್ನು ಎತ್ತಿಕೊಳ್ಳಿ. ಆಮೇಲೆ ಹಗ್ಗ. ಗಾಳಿ ಬರುವ ಕಡೆಯ ಎರಡು ಗಂಟು ಹಾಗೇ ಇರಲಿ. ಆಚೆ ಕಡೆಯ ಎರಡನ್ನು ಜಗ್ಗಿ ಬಿಚ್ಚಿ. ತಾಡಪತ್ರಿ ಬಾವುಟದಂತೆ ಹಾರಾಡುತ್ತದೆ, ಗೂಟ ಸುಲಭಕ್ಕೆ ಕೀಳುವುದಿಲ್ಲ.

ಮರುದಿನ ತಂಗಿ ಹಾಗೇ ಕಟ್ಟಿದಳು. ಅಜ್ಜಿ ಬಂದು ನಾಲ್ಕೂ ಗಂಟು ಒಂದೊಂದಾಗಿ ಜಗ್ಗಿ ನೋಡಿದಳು. ನಾಲ್ಕೂ ಬಿಚ್ಚಿದವು. "ಈಗ ಕಟ್ಟವ್ವಾ, ಕೂಸಿಗಿ ಮಲಗಸ್ತೀನಿ" ಎಂದಳು.