ಆಸ್ಪತ್ರೆಯ ಗಣಕಜಾಲಕ್ಕೆ ತಗುಲಿದ ಸೋಂಕು

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ದೆಹಲಿಗರೆಲ್ಲ ಏಮ್ಸ್ ಎಂದೇ ಕರೆಯುವ ಆಸ್ಪತ್ರೆಯಲ್ಲಿ, ಕಂಪ್ಯೂಟರುಗಳು ಕೈಕೊಟ್ಟವು. ಹೊರರೋಗಿಗಳ ನೋಂದಣಿ, ಒಳರೋಗಿಗಳ ದಾಖಲಾತಿ, ಬಿಡುಗಡೆ, ಪ್ರಯೋಗಾಲಯದ ವರದಿ ಎಲ್ಲವನ್ನೂ ಸಿಬ್ಬಂದಿಯವರು ಕೈಬರಹದಲ್ಲಿಯೇ ನಡೆಸಬೇಕಾಯಿತು. ಮುಖ್ಯ ಸೇವೆಗಳು ಹಳಿಗೆ ಮರಳಲು ಸುಮಾರು ಎರಡು ವಾರಗಳು ಹಿಡಿದವು.

ಸರ್ಕಾರವು ಸಂಸತ್ತಿನಲ್ಲಿ ನೀಡಿದ ಉತ್ತರಗಳ ಪ್ರಕಾರ, ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟಿನಷ್ಟು ಮಾಹಿತಿಯನ್ನು ಅಪರಿಚಿತರು ಗೂಢಲಿಪಿಗೆ ತಿರುಗಿಸಿದ್ದರು. ಮಾಹಿತಿ ಇದ್ದಲ್ಲಿಯೇ ಇದ್ದಿತು. ಅದನ್ನು ಓದುವ ಬೀಗದ ಕೈ ಮಾತ್ರ ಪರರ ವಶವಾಗಿತ್ತು. ಇದಕ್ಕೆ ಕಾರಣವೆಂದು ಸರ್ಕಾರ ಹೇಳಿದ್ದು ಒಂದೇ ಮಾತು: ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ. ಈ ಮಾತಿನ ಅರ್ಥವನ್ನು ಗ್ರಹಿಸಲು ಜಾಲದ ರಚನೆಯನ್ನು ಕೊಂಚ ತಿಳಿಯಬೇಕು.

ವೈದ್ಯರು ತಮ್ಮ ಕೋಣೆಯಿಂದ ರಕ್ತಪರೀಕ್ಷೆಗೆ ಆದೇಶ ಕಳುಹಿಸುತ್ತಾರೆನ್ನೋಣ. ಆ ಆದೇಶವು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ಹೊರಡುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ, ಅಂಚೆಯ ಲಕೋಟೆಯ ಮೇಲಿರುವಂತೆ, ಕಳುಹಿಸಿದವರ ಮತ್ತು ಪಡೆಯುವವರ ವಿಳಾಸ ಅಂಕಿಗಳಲ್ಲಿ ಬರೆದಿರುತ್ತದೆ. ಕಟ್ಟಡದೊಳಗೆ ಅದನ್ನು ಸರಿಯಾದ ಯಂತ್ರಕ್ಕೆ ಮುಟ್ಟಿಸುವ ಸಾಧನ ಸ್ವಿಚ್. ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ದಾಟಿಸುವುದು ರೌಟರ್. ಯಾವ ಪೊಟ್ಟಣವನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ವಿಳಾಸ ನೋಡಿ ತೀರ್ಮಾನಿಸುವ ದ್ವಾರಪಾಲಕನೇ ಫೈರ್‌ವಾಲ್.

ದ್ವಾರಪಾಲಕನು ಹೆಬ್ಬಾಗಿಲಿನಲ್ಲಿ ಮಾತ್ರ ನಿಂತರೆ ಸಾಲದು. ಹಳೆಯ ಮೈಸೂರಿನ ವಠಾರವನ್ನು ನೆನೆಯಬಹುದು. ಹೆಬ್ಬಾಗಿಲು ಒಂದೇ, ಅದನ್ನು ದಾಟಿದವನಿಗೆ ಒಳಗಿನ ಮನೆಗಳ ಬಾಗಿಲುಗಳು ತೆರೆದೇ ಇದ್ದರೆ, ಒಂದು ಮನೆಗೆ ನುಗ್ಗಿದ ಕಳ್ಳನಿಗೆ ಹತ್ತು ಮನೆಗಳೂ ಸುಲಭ. ಆಸ್ಪತ್ರೆಗೆ ಈ ತತ್ತ್ವ ಹೊಸತೇನೂ ಅಲ್ಲ. ಕ್ಷಯರೋಗಿಯನ್ನೂ ನವಜಾತ ಶಿಶುವನ್ನೂ ಒಂದೇ ಕೊಠಡಿಯಲ್ಲಿ ಯಾರೂ ಮಲಗಿಸುವುದಿಲ್ಲ. ಅಂತೆಯೇ ಪ್ರಯೋಗಾಲಯದ ಯಂತ್ರಗಳು, ಹಣಕಾಸಿನ ಲೆಕ್ಕ, ನೌಕರರ ಮಿಂಚಂಚೆ, ಸಂದರ್ಶಕರ ಫೋನುಗಳು ಇವೆಲ್ಲವೂ ಬೇರೆ ಬೇರೆ ವಿಭಾಗಗಳಲ್ಲಿರಬೇಕು. ಅವುಗಳ ನಡುವೆ ಅಗತ್ಯವಿದ್ದಷ್ಟೇ ಸಂಚಾರಕ್ಕೆ ಅವಕಾಶವಿರಬೇಕು. ಇದರಿಂದ ಕೆಲಸಕ್ಕೆ ತುಸು ತೊಡಕಾಗುವುದು ನಿಜ. ತುರ್ತು ಚಿಕಿತ್ಸೆಯ ನಡುವೆ ಇಂಥ ತೊಡಕನ್ನು ಯಾರು ತಾನೇ ಸಹಿಸುತ್ತಾರೆ? ವಿಭಜನೆಯ ಕೆಲಸವನ್ನು ನಾಳೆಗೆ ದೂಡುವ ಮನೋಭಾವ ಇಲ್ಲಿಂದಲೇ ಹುಟ್ಟುತ್ತದೆ.

ಬ್ರಿಟನ್ನಿನ ಆಸ್ಪತ್ರೆಗಳೂ 2017ರ ಮೇ ತಿಂಗಳಿನಲ್ಲಿ ಈ ಪಾಡನ್ನು ಪಟ್ಟವು. ವಾನಾಕ್ರೈ ಎಂಬ ಪಿಡುಗು ಯಾರೂ ಗುಂಡಿ ಒತ್ತದಿದ್ದರೂ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಎರಡು ತಿಂಗಳ ಮೊದಲೇ ಪರಿಹಾರ ನೀಡಿತ್ತು. ಮದ್ದು ಬಂದಿದ್ದರೂ ಅನೇಕ ಯಂತ್ರಗಳಿಗೆ ಅದನ್ನು ಕುಡಿಸಿರಲಿಲ್ಲ.

ಏಮ್ಸ್ ಚೇತರಿಸಿಕೊಂಡ ಬಗೆಯೂ ಗಮನಾರ್ಹ. ಸೋಂಕು ಮುಟ್ಟದಿದ್ದ ಒಂದು ಸರ್ವರಿನಲ್ಲಿ ಮಾಹಿತಿಯ ಪ್ರತಿ ಉಳಿದಿತ್ತು. ಅದನ್ನು ಹೊಸ ಸರ್ವರುಗಳಿಗೆ ತುಂಬಿ ಸೇವೆಯನ್ನು ಪುನಃ ಆರಂಭಿಸಲಾಯಿತು. ಆ ಪ್ರತಿಯೂ ಕೆಟ್ಟಿದ್ದರೆ ರೋಗಿಗಳ ಪೂರ್ವವೃತ್ತಾಂತದ ಗತಿ ಏನಾಗುತ್ತಿತ್ತೆಂದು ಊಹಿಸುವುದೂ ಕಷ್ಟ.

ದ್ವಾರಕಾ, ನೋಯ್ಡಾ, ಗುರುಗ್ರಾಮಗಳ ಕನ್ನಡಿಗರ ಮನೆಗಳಿಗೆ ಊರಿನಿಂದ ತಂದೆತಾಯಿಗಳು ಚಿಕಿತ್ಸೆಗೆಂದು ಬರುವುದುಂಟು. ಅವರ ಹೃದಯದ, ಮೂತ್ರಪಿಂಡದ ವರದಿಗಳು ಈಗ ಮಗನ ಲ್ಯಾಪ್‌ಟಾಪಿನಲ್ಲಿಯೋ ಸೊಸೆಯ ಫೋನಿನಲ್ಲಿಯೋ ಇರುತ್ತವೆ. ಮನೆಯ ವೈಫೈ ಪೆಟ್ಟಿಗೆಯೂ ಒಂದು ಪುಟ್ಟ ರೌಟರೇ. ಸ್ವಿಚ್ಚೂ ಫೈರ್‌ವಾಲೂ ಸಾಮಾನ್ಯವಾಗಿ ಅದರೊಳಗೇ ಅಡಗಿರುತ್ತವೆ. ಅದರೊಡನೆ ಬಂದ ಗುಪ್ತಪದವನ್ನು ಮೊದಲು ಬದಲಾಯಿಸಬೇಕು. ಅತಿಥಿಗಳಿಗೆಂದು ಪ್ರತ್ಯೇಕ ಜಾಲ ತೆರೆಯುವ ಸೌಲಭ್ಯ ಹಲವು ಪೆಟ್ಟಿಗೆಗಳಲ್ಲಿದೆ. ಟಿವಿ, ಬಾಗಿಲಿನ ಕ್ಯಾಮರಾ, ಬಂದುಹೋಗುವವರ ಫೋನುಗಳನ್ನು ಅದಕ್ಕೆ ಸೇರಿಸಿದರೆ ಮನೆಯೊಳಗೂ ವಿಭಾಗವಾದಂತಾಯಿತು. ಫೋನು, ಕಂಪ್ಯೂಟರುಗಳು ಕೇಳುವ ಪರಿಷ್ಕರಣೆಗಳನ್ನು ಮುಂದೂಡಬಾರದು.

ವರದಿಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇಳಿಸಿ, ಕೂಡಲೇ ಅದನ್ನು ಕಂಪ್ಯೂಟರಿನಿಂದ ಬೇರ್ಪಡಿಸಿ ಬೀರುವಿನಲ್ಲಿಡಬೇಕು. ಸದಾ ಜೋಡಿಸಿಟ್ಟ ಡಿಸ್ಕಿಗೂ ಅದೇ ಬೀಗ ಬೀಳುತ್ತದೆ. ಈಚಿನ ಔಷಧಿಚೀಟಿ, ರಕ್ತದ ಗುಂಪು, ಒಗ್ಗದ ಔಷಧಗಳ ಹೆಸರು ಇಷ್ಟನ್ನು ಕಾಗದದ ಮೇಲೆ ಬರೆದು ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿಯೇ ಇರಿಸತಕ್ಕದ್ದು.