ಹಾಕಿಪಟು ಎಂ. ಪಿ. ಗಣೇಶ್

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆ ಕುಸ್ತಿಯೂ ಕಬಡ್ಡಿಯೂ ಹೇಗೆ ಜನರ ಆಟಗಳೋ, ಕೊಡಗಿನಲ್ಲಿ ಹಾಕಿಯೂ ಹಾಗೆಯೇ. ಭಾರತ ತಂಡಕ್ಕೆ ಈ ಪುಟ್ಟ ನಾಡು ಕೊಟ್ಟ ಆಟಗಾರರು ಹಲವರು. ಅವರಲ್ಲಿ ನಾಯಕತ್ವದ ಹೊಣೆ ಹೊತ್ತವರೊಬ್ಬರು ಮೊಳ್ಳೇರ ಪೂವಯ್ಯ ಗಣೇಶ್.

1946ರಲ್ಲಿ ಜನಿಸಿದ ಗಣೇಶರು ಮೊದಲು ಫುಟ್‌ಬಾಲ್ ಆಟಗಾರರಾಗಿದ್ದರು. ಸೇನೆಯನ್ನು ಸೇರಿದ ಮೇಲೆ ಹಾಕಿಯಲ್ಲಿ ಹೆಸರು ಗಳಿಸಿದರು. ಶೀತದೇಶಗಳಲ್ಲಿ ಮಂಜುಗಡ್ಡೆಯ ಮೇಲೆ ಹಾಕಿಯಾಡುವವರು ಆಟದ ಸಂಬಳದಿಂದಲೇ ಜೀವಿಸುವುದುಂಟು. ಅಂದಿನ ಭಾರತದ ಹಾಕಿಪಟುವಿಗೆ ಆ ಅನುಕೂಲವಿರಲಿಲ್ಲ. ಸೇನೆಯೋ ರೈಲ್ವೆಯೋ ಅವನಿಗೆ ಅನ್ನವಿಡಬೇಕಾಗಿದ್ದಿತು.

1971ರ ಬಾರ್ಸಿಲೋನಾ ವಿಶ್ವಕಪ್ಪಿನಲ್ಲಿಯೂ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿಯೂ ಕಂಚಿನ ಪದಕ ಪಡೆದ ತಂಡಗಳಲ್ಲಿ ಗಣೇಶರಿದ್ದರು. 1973ರಲ್ಲಿ ಅವರೇ ನಾಯಕರು. ಆ ವರ್ಷ ಹಾಲೆಂಡಿನಲ್ಲಿ ನಡೆದ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಭಾರತ ಪಾಕಿಸ್ತಾನವನ್ನು 1–0ರಿಂದ ಸೋಲಿಸಿತು. ಅಂತಿಮ ಪಂದ್ಯದಲ್ಲಿ ಎದುರಾಳಿ ಆತಿಥೇಯ ಹಾಲೆಂಡ್. ಆಟ ಆರಂಭವಾದ ಕೆಲವೇ ನಿಮಿಷಗಳಲ್ಲಿ ಸುರ್ಜಿತ್ ಸಿಂಗರು ಎರಡು ಗೋಲು ಹೊಡೆದರು. ಜಯ ಕೈಗೆ ಬಂದಂತೆಯೇ ತೋರಿತು. ಆದರೆ ಹಾಲೆಂಡಿನವರು ಎರಡನ್ನೂ ತೀರಿಸಿದರು. ಮೊದಲು ಗೋಲು ಹೊಡೆದವರೇ ವಿಜಯಿಗಳೆಂಬ ಹೆಚ್ಚುವರಿ ಆಟದಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಏಳು ಗಜಗಳ ದೂರ, ಎದುರಿಗೆ ಗೋಲ್‌ಕೀಪರನೊಬ್ಬನೇ! ಕೊಡಗಿನವರೇ ಆದ ಬಿ. ಪಿ. ಗೋವಿಂದರು ಹೊಡೆದ ಚೆಂಡು ಗೋಲಾಗಲಿಲ್ಲ. ಕೊನೆಗೆ ಸ್ಟ್ರೋಕುಗಳ ಸರಣಿಯಲ್ಲಿ ಹಾಲೆಂಡ್ 4–2ರಿಂದ ಗೆದ್ದಿತು. ಗಣೇಶರ ತಂಡ ಬೆಳ್ಳಿಯ ಪದಕದೊಡನೆ ಮರಳಿತು. ಅದೇ ವರ್ಷದ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು.

1975ರಲ್ಲಿ ಕೌಲಾಲಂಪುರದಲ್ಲಿ ಭಾರತ ಪಾಕಿಸ್ತಾನವನ್ನು 2–1ರಿಂದ ಮಣಿಸಿ ವಿಶ್ವಕಪ್ಪನ್ನು ಗೆದ್ದಾಗ ಗೋವಿಂದರು ತಂಡದಲ್ಲಿದ್ದರು, ಗಣೇಶರಿರಲಿಲ್ಲ. ಆಟದ ವಿಧಿ ಕೆಲವೊಮ್ಮೆ ಹೀಗೂ ಇರುತ್ತದೆ.

ಆಟ ನಿಲ್ಲಿಸಿದ ಮೇಲೂ ಗಣೇಶರು ಹಾಕಿಯನ್ನು ಬಿಡಲಿಲ್ಲ. ತರಬೇತುದಾರರಾಗಿ ಕಿರಿಯರನ್ನು ತಿದ್ದಿದರು. ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಉನ್ನತ ಹುದ್ದೆಯಲ್ಲಿ ಸೇವೆ ಸಲ್ಲಿಸಿದರು. 1988ರ ಸೋಲ್ ಒಲಿಂಪಿಕ್ಸ್‌ಗೆ ಹೋದ ತಂಡಕ್ಕೆ ಅವರು ತರಬೇತುದಾರರು, ಕೊಡಗಿನ ಎಂ. ಎಂ. ಸೋಮಯ್ಯ ನಾಯಕರು. ಆ ತಂಡಕ್ಕೆ ದೊರೆತುದು ಆರನೆಯ ಸ್ಥಾನ. 2020ರಲ್ಲಿ ಭಾರತ ಸರ್ಕಾರ ಗಣೇಶರಿಗೆ ಪದ್ಮಶ್ರೀ ಘೋಷಿಸುವ ವೇಳೆಗೆ ಹಾಲೆಂಡಿನ ಆ ಪಂದ್ಯ ನಡೆದು 46 ವರ್ಷಗಳು ಕಳೆದಿದ್ದವು.