ಮುಳುಗಿದ ಊರನ್ನು ಮೇಲಕ್ಕೆತ್ತಿದ ಬಗೆ

ಪ್ರಶ್ನೆ: ಚಂಡಮಾರುತಕ್ಕೆ ಸಿಕ್ಕಿ ಪೂರ್ತಿ ಹಾಳಾದ ಕಡಲತೀರದ ನಗರ ಮತ್ತೆ ಅದೇ ಜಾಗದಲ್ಲಿ ಹೇಗೆ ಚೇತರಿಸಿಕೊಳ್ಳುತ್ತದೆ? ಊರನ್ನೇ ಬೇರೆ ಕಡೆ ಕಟ್ಟಿಕೊಳ್ಳುವುದು ಸುಲಭವಲ್ಲವೇ? ಗಟ್ಟಿಯಾದ ಒಂದು ತಡೆಗೋಡೆ ಕಟ್ಟಿದರೆ ಸಾಲದೇ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಚಂಡಮಾರುತ ಬಡಿದ ದಿನದ ಸುದ್ದಿ ಎಲ್ಲ ಕಡೆ ಬರುತ್ತದೆ. ಆಮೇಲಿನ ಹತ್ತು ವರ್ಷಗಳಲ್ಲಿ ಅಲ್ಲಿನ ಜನ ಏನು ಮಾಡಿದರೆಂಬುದನ್ನು ಹೇಳುವವರು ಕಡಿಮೆ. ಇದಕ್ಕೆ ಎಲ್ಲ ಊರಿಗೂ ಹೊಂದುವ ಒಂದೇ ಉತ್ತರವಿಲ್ಲದ ಕಾರಣ, ಒಂದು ಊರಿನ ಕಥೆಯನ್ನೇ ಹಿಡಿದು ಹೇಳುತ್ತೇನೆ. ಅದು ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್. ಅಂದಹಾಗೆ, ಅಲ್ಲಿ ಹರಿಕೇನ್ ಎನ್ನುವುದೂ ನಮ್ಮ ಬಂಗಾಳ ಕೊಲ್ಲಿಯಲ್ಲಿ ಏಳುವ ಸೈಕ್ಲೋನೂ ಒಂದೇ ಬಗೆಯವು. ಕಡಲು ಬೇರೆಯಾದ್ದರಿಂದ ಹೆಸರು ಬೇರೆ, ಅಷ್ಟೇ.

ಗ್ಯಾಲ್ವೆಸ್ಟನ್ ಒಂದು ಉದ್ದನೆಯ ಮರಳಿನ ದ್ವೀಪ. ಒಂದು ಕಡೆ ಮೆಕ್ಸಿಕೋ ಕೊಲ್ಲಿ, ಇನ್ನೊಂದು ಕಡೆ ಹಿನ್ನೀರು. 1900ರಲ್ಲಿ ಅಲ್ಲಿ ಸುಮಾರು 38,000 ಜನರಿದ್ದರು. ಹತ್ತಿ ಸಾಗಿಸುವ ದೊಡ್ಡ ಬಂದರು, ಶ್ರೀಮಂತರ ಬಂಗಲೆಗಳು, ಎಲ್ಲವೂ ಇದ್ದವು. ಆದರೆ ಊರಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟಕ್ಕಿಂತ ಒಂಬತ್ತು ಅಡಿಯಷ್ಟೂ ಮೇಲಿರಲಿಲ್ಲ. ಆ ವರ್ಷದ ಸೆಪ್ಟೆಂಬರ್ 8ರ ಶನಿವಾರ ಚಂಡಮಾರುತದ ಜೊತೆ ಬಂದ ನೀರು 15 ಅಡಿಗೂ ಮೇಲೆ ಏರಿತು. ಲೆಕ್ಕ ನೀವೇ ಹಾಕಿಕೊಳ್ಳಿ. ಆ ರಾತ್ರಿ ಸತ್ತವರು ಕಡಿಮೆಯೆಂದರೂ ಆರು ಸಾವಿರ, ಎಂಟು ಸಾವಿರವೆಂದು ಹೇಳುವವರೂ ಇದ್ದಾರೆ. ಅಮೆರಿಕದ ಚರಿತ್ರೆಯಲ್ಲಿ ಅಷ್ಟು ಜನರನ್ನು ಕೊಂದ ಪ್ರಕೃತಿ ವಿಕೋಪ ಇನ್ನೊಂದಿಲ್ಲ.

ಮೊದಲ ವಾರಗಳ ಕೆಲಸ ಹೇಳಲೂ ಕಷ್ಟವಾದದ್ದು. ಹೂಳಲು ಆಗದಷ್ಟು ಹೆಣಗಳನ್ನು ಕಡಲಿಗೆ ಒಯ್ದು ಹಾಕಿದರು, ಅಲೆ ಅವನ್ನು ಮತ್ತೆ ದಡಕ್ಕೆ ತಂದಿತು. ಕೊನೆಗೆ ಅವಶೇಷಗಳ ನಡುವೆಯೇ ಚಿತೆ ಹೊತ್ತಿಸಿದರು. ಇಷ್ಟರ ನಡುವೆಯೂ ಕುಡಿಯುವ ನೀರು ಮತ್ತು ತಂತಿ ಸಂಪರ್ಕ ಮೊದಲ ವಾರದಲ್ಲೇ ಮರಳಿದವು. ಮೂರನೇ ವಾರದ ಹೊತ್ತಿಗೆ ಬಂದರಿನಲ್ಲಿ ಸರಕು ಸಾಗತೊಡಗಿತ್ತು. ಹೊರಗಿನಿಂದ ನೋಡಿದವರಿಗೆ ಊರು ಚೇತರಿಸಿಕೊಂಡಂತೆ ಕಂಡಿರಬೇಕು. ಆದರೆ ಅದು ಉಸಿರು ಮರಳಿದ್ದು ಮಾತ್ರ. ಮುಂದಿನ ವರ್ಷ ಇನ್ನೊಂದು ಚಂಡಮಾರುತ ಬಂದರೆ ಗತಿಯೇನು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

ಈಗ ನಿಮ್ಮ ಎರಡನೆಯ ಪ್ರಶ್ನೆ, ಬೇರೆ ಕಡೆ ಹೋಗಬಾರದಿತ್ತೇ ಎಂಬುದು. ಹೋದ ಊರೂ ಇದೆ. ಅದೇ ಟೆಕ್ಸಾಸ್ ತೀರದಲ್ಲಿ ಇಂಡಿಯನೋಲಾ ಎಂಬ ಬಂದರು ಪಟ್ಟಣವಿತ್ತು. 1875ರಲ್ಲಿ ಒಮ್ಮೆ, 1886ರಲ್ಲಿ ಇನ್ನೊಮ್ಮೆ ಚಂಡಮಾರುತ ಬಡಿದ ಮೇಲೆ ಜನ ಅದನ್ನು ಬಿಟ್ಟೇ ಹೋದರು. ಗ್ಯಾಲ್ವೆಸ್ಟನ್ನಿನವರಿಗೆ ಇದೆಲ್ಲ ಗೊತ್ತಿತ್ತು. 1886ರ ನಂತರ ತಡೆಗೋಡೆಯ ಮಾತು ಅಲ್ಲಿಯೂ ಎದ್ದಿತ್ತು, ಮಾತಿನಲ್ಲೇ ನಿಂತಿತು. 1900ರ ನಂತರವೂ ಹಲವರು ಊರು ಬಿಟ್ಟರು. ಉಳಿದವರನ್ನು ಹಿಡಿದು ನಿಲ್ಲಿಸಿದ್ದು ಬಂದರು. ಆಳವಾದ ಬಂದರು, ರೈಲು ಹಳಿ, ಗೋದಾಮು, ಜಮೀನಿನ ಪತ್ರ, ಇವನ್ನೆಲ್ಲ ಗಂಟುಮೂಟೆ ಕಟ್ಟಿ ಒಯ್ಯಲಾಗುವುದಿಲ್ಲ.

ಉಳಿಯುವುದೆಂದು ನಿರ್ಧರಿಸಿದ ಮೇಲೆ ಮೂವರು ಎಂಜಿನಿಯರುಗಳನ್ನು ಕರೆಸಿದರು: ಹೆನ್ರಿ ರಾಬರ್ಟ್, ಆಲ್ಫ್ರೆಡ್ ನೋಬಲ್ ಮತ್ತು ಎಚ್. ಸಿ. ರಿಪ್ಲಿ. ಸಭೆ ನಡೆಸುವ ನಿಯಮಗಳ ಪ್ರಸಿದ್ಧ ಕೈಪಿಡಿಯನ್ನು ಬರೆದದ್ದು ಇದೇ ರಾಬರ್ಟ್. ಅವರು ಕೊಟ್ಟ ಸಲಹೆ ಎರಡು. ಕಡಲಿನ ಕಡೆ ಕಾಂಕ್ರೀಟ್ ಗೋಡೆ ಕಟ್ಟುವುದು. ಗೋಡೆಯ ಹಿಂದಿನ ಊರಿನ ನೆಲವನ್ನೇ ಎತ್ತರಿಸುವುದು.

ಗೋಡೆಯ ಕೆಲಸ 1902ರ ಅಕ್ಟೋಬರಿನಲ್ಲಿ ಶುರುವಾಗಿ 1904ರ ಜುಲೈಗೆ ಮುಗಿಯಿತು. ಉದ್ದ ಮೂರು ಮೈಲಿಗೂ ಹೆಚ್ಚು, ಎತ್ತರ 17 ಅಡಿ, ಬುಡದಲ್ಲಿ 16 ಅಡಿ ದಪ್ಪ. ಕಡಲಿಗೆ ಎದುರಾದ ಮುಖವನ್ನು ಬಾಗಿಸಿ ಕಟ್ಟಿದ್ದರಿಂದ ಅಪ್ಪಳಿಸಿದ ಅಲೆ ಮೇಲಕ್ಕೆ ಹೊರಳಿ ಹಿಂದಕ್ಕೆ ಬೀಳುತ್ತದೆ. ಹಣಕ್ಕಾಗಿ ಕೌಂಟಿ ಆಡಳಿತ 15 ಲಕ್ಷ ಡಾಲರುಗಳ ಸಾಲಪತ್ರ ಹೊರಡಿಸಿತು. ಮನೆಮಠ ಕಳೆದುಕೊಂಡ ಊರಿನ ಜನರೇ ಮುಂದೆ ಬಂದು ಅವನ್ನು ಕೊಂಡರು. ಈ ಸಂಗತಿ ಓದಿದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ಗೋಡೆಯೊಂದೇ ಸಾಲದೇ ಎಂದು ನೀವು ಕೇಳಿದ್ದೀರಿ. ಬಹಳ ಜನ ಹಾಗೆಯೇ ತಿಳಿದಿದ್ದಾರೆ, ಅದು ಸಹಜ. ಗೋಡೆ ಕಣ್ಣಿಗೆ ಕಾಣುತ್ತದೆ, ಎತ್ತರಿಸಿದ ನೆಲ ಕಾಣುವುದಿಲ್ಲ. ಆದರೆ ತಗ್ಗಾದ ನೆಲದ ಮುಂದೆ ಗೋಡೆಯೊಂದನ್ನೇ ನಿಲ್ಲಿಸಿದರೆ ಅದನ್ನು ಹಾರಿ ಬಂದ ನೀರು, ಹಿನ್ನೀರಿನ ಕಡೆಯಿಂದ ನುಗ್ಗಿದ ನೀರು, ಸುರಿದ ಮಳೆ, ಎಲ್ಲವೂ ಬಟ್ಟಲಿನಲ್ಲಿ ನಿಂತಂತೆ ಊರಿನೊಳಗೆ ನಿಲ್ಲುತ್ತವೆ. ಗೋಡೆಯ ಬೆನ್ನಿಗೆ ಆಸರೆಯೂ ಇರುವುದಿಲ್ಲ. ಹಾಗಾಗಿ ಗೋಡೆಯ ಹತ್ತಿರ ನೆಲವನ್ನು ಹೆಚ್ಚು ಎತ್ತರಿಸಿ, ಹಿನ್ನೀರಿನ ಕಡೆಗೆ ಇಳಿಜಾರು ಮಾಡಿದರು. ಬಂದ ನೀರು ಹರಿದು ಹೋಗಬೇಕೆಂಬುದು ಉದ್ದೇಶ.

ಜನ ವಾಸವಿರುವ ಊರಿನ ನೆಲವನ್ನು ಎತ್ತರಿಸಿದ್ದು ಹೇಗೆ? ಮೊದಲು ಊರನ್ನು ಭಾಗಗಳಾಗಿ ವಿಂಗಡಿಸಿ, ಒಂದೊಂದು ಭಾಗದ ಸುತ್ತ ಮಣ್ಣಿನ ಬದು ಹಾಕಿದರು. ಬದುವಿನೊಳಗಿನ ಮನೆ, ಅಂಗಡಿ, ಚರ್ಚುಗಳ ಅಡಿಗೆ ಲಾರಿಯ ಚಕ್ರ ಬದಲಿಸುವಾಗ ಬಳಸುವಂಥ ತಿರುಪಿನ ಜಾಕುಗಳನ್ನು ಕೊಟ್ಟು ಎಲ್ಲವನ್ನೂ ಒಟ್ಟಿಗೆ, ಸ್ವಲ್ಪಸ್ವಲ್ಪವೇ, ಮೇಲಕ್ಕೆ ತಿರುಗಿಸಿದರು. ಸಾವಿರಾರು ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಚರ್ಚನ್ನು ಏಳುನೂರು ಜಾಕುಗಳಿಂದ ಐದು ಅಡಿ ಎತ್ತಿದರು. ಅಷ್ಟರಲ್ಲಿ ಊರಿನ ನಡುವೆಯೇ ಒಂದು ಕಾಲುವೆ ತೋಡಿದ್ದರು. ಹೂಳೆತ್ತುವ ಹಡಗುಗಳು ಬಂದರಿನ ತಳದ ಮರಳನ್ನು ತುಂಬಿಕೊಂಡು ಆ ಕಾಲುವೆಯಲ್ಲಿ ಬಂದು, ಮರಳು ಬೆರೆತ ನೀರನ್ನು ಕೊಳವೆಗಳಿಂದ ಎತ್ತಿದ ಮನೆಗಳ ಕೆಳಗೆ ಸುರಿಯುತ್ತಿದ್ದವು. ನೀರು ಬಸಿದು ಹೋಗುತ್ತಿತ್ತು, ಮರಳು ಉಳಿಯುತ್ತಿತ್ತು.

1903ರಲ್ಲಿ ಶುರುವಾದ ಈ ಕೆಲಸ ಮುಗಿಯುವಾಗ 1911 ಬಂದಿತ್ತು. ಮೇಲೆತ್ತಿದ ಕಟ್ಟಡಗಳು ಎರಡು ಸಾವಿರಕ್ಕೂ ಹೆಚ್ಚು. ಅಷ್ಟು ವರ್ಷ ಜನ ನಾರುವ ಕೆಸರಿನ ಮೇಲೆ ಹಾಕಿದ ಮರದ ಕಾಲುಹಾದಿಗಳಲ್ಲಿ ಓಡಾಡಿದರು. ಮಕ್ಕಳು ಶಾಲೆಗೆ ಹೋದದ್ದೂ ಅವುಗಳ ಮೇಲೆಯೇ. ಗಿಡಮರಗಳೆಲ್ಲ ಉಪ್ಪು ಮರಳಿನಡಿ ಸತ್ತವು. ತನಗೆ ಬರಬೇಕಿದ್ದ ತೆರಿಗೆಯನ್ನು ರಾಜ್ಯ ಸರ್ಕಾರ ಈ ಕೆಲಸಕ್ಕೆ ಬಿಟ್ಟುಕೊಟ್ಟಿತು, ನಿಜ. ಆದರೆ ಮನೆ ಎತ್ತಿಸುವ ಖರ್ಚು ಆಯಾ ಮನೆಯವರದೇ. ಕೈಯಲ್ಲಿ ದುಡ್ಡಿಲ್ಲದವರಿಗೆ ಅದು ಎಂಥ ಹೊರೆ ಎಂದು ಯೋಚಿಸಿ.

ಪರೀಕ್ಷೆ ಬೇಗನೇ ಬಂತು. 1915ರ ಆಗಸ್ಟಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಬಲದ ಚಂಡಮಾರುತ ಬಡಿಯಿತು. ಗೋಡೆಯ ಹಿಂದಿನ ಊರಿನಲ್ಲಿ ಸತ್ತವರು ಹತ್ತರ ಆಸುಪಾಸು. ಹದಿನೈದು ವರ್ಷದ ಹಿಂದೆ ಆರು ಸಾವಿರ ಇದ್ದದ್ದು! ನನ್ನ ಮಟ್ಟಿಗೆ ಆ ಎಂಜಿನಿಯರುಗಳ ಕೆಲಸಕ್ಕೆ ಬೇರೆ ಪ್ರಮಾಣಪತ್ರ ಬೇಕಿಲ್ಲ.

ಹಾಗಾದರೆ ಊರು ಚೇತರಿಸಿಕೊಂಡಿತೇ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಜೀವಕ್ಕೆ ಭದ್ರತೆ ಬಂತು, ವ್ಯಾಪಾರ ಮಾತ್ರ ಹಿಂದಿನಂತೆ ಬೆಳೆಯಲಿಲ್ಲ. ಒಳನಾಡಿನ ಹ್ಯೂಸ್ಟನ್ ಹಡಗು ಕಾಲುವೆ ತೋಡಿಸಿಕೊಂಡು 1914ರಲ್ಲಿ ತಾನೇ ದೊಡ್ಡ ಬಂದರಾಯಿತು. ಹತ್ತಿರದಲ್ಲೇ ಸಿಕ್ಕ ಎಣ್ಣೆಯ ಸಂಪತ್ತೂ ಅತ್ತಲೇ ಹರಿಯಿತು. 1900ರಲ್ಲಿ ಎರಡೂ ಊರುಗಳ ಜನಸಂಖ್ಯೆಯಲ್ಲಿ ಅಂಥ ದೊಡ್ಡ ಅಂತರವಿರಲಿಲ್ಲ. ಈಗ ಹ್ಯೂಸ್ಟನ್ನಿನಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿದ್ದರೆ ಗ್ಯಾಲ್ವೆಸ್ಟನ್ನಿನಲ್ಲಿ ಐವತ್ತು ಸಾವಿರದ ಆಚೀಚೆ. ಕಡಲತೀರವೂ ಬೆಲೆ ತೆತ್ತಿತು. ಗೋಡೆಯ ಮುಂದಿನ ಮರಳನ್ನು ಅಲೆಗಳು ತಿಂದುಹಾಕಿದ್ದರಿಂದ ಹೊರಗಿನಿಂದ ಮರಳು ತಂದು ಸುರಿಯಬೇಕಾಯಿತು. ಕಡಲ್ಕೊರೆತವನ್ನು ಹತ್ತಿರದಿಂದ ಕಂಡ ನಮ್ಮ ಕರಾವಳಿಯವರಿಗೆ ಇದು ಹೊಸ ವಿಷಯವಲ್ಲ.

2008ರ ಸೆಪ್ಟೆಂಬರಿನಲ್ಲಿ ಐಕ್ ಚಂಡಮಾರುತ ಬಂದಾಗ ಗೋಡೆಯಿಲ್ಲದ ಹಿನ್ನೀರಿನ ಕಡೆಯಿಂದ ನೀರು ನುಗ್ಗಿತು. ನೆಲ ಎತ್ತರಿಸಿದ ಮೇಲೆ ನೆಟ್ಟು ಬೆಳೆಸಿದ್ದ ಸಾವಿರಾರು ಓಕ್ ಮರಗಳು ಉಪ್ಪುನೀರಿಗೆ ಒಣಗಿದವು. ಬಡವರಿಗೆಂದು ಇದ್ದ 569 ಸರ್ಕಾರಿ ಮನೆಗಳು ಹಾಳಾಗಿ, ಅವನ್ನು ಕೆಡವಿದರು. ಮತ್ತೆ ಕಟ್ಟಬೇಕೋ ಬೇಡವೋ ಎಂಬ ಜಗಳವೇ ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಪ್ರವಾಸಿಗಳ ಹೋಟೆಲುಗಳು ತೆರೆದಿದ್ದವು. ಆದ್ದರಿಂದ ಒಂದು ನಗರ ಚೇತರಿಸಿಕೊಂಡಿದೆ ಎಂದು ಯಾರಾದರೂ ಹೇಳಿದರೆ, ಅಲ್ಲಿ ಬಾಡಿಗೆಗೆ ಇದ್ದವರು ವಾಪಸು ಬಂದರೇ ಎಂದು ದಯವಿಟ್ಟು ಕೇಳಿ. ಗೋಡೆಯನ್ನು ಅಳೆಯುವುದು ಸುಲಭ, ಇದನ್ನು ಅಳೆಯುವುದು ಕಷ್ಟ.

ನಿಮ್ಮ ಕಡೆಯವರು ಯಾರಾದರೂ ಹ್ಯೂಸ್ಟನ್ನಿನಲ್ಲಿದ್ದು ನೀವು ಎಂದಾದರೂ ಅತ್ತ ಹೋದರೆ, ಗ್ಯಾಲ್ವೆಸ್ಟನ್ನಿನ ಬ್ರಾಡ್‌ವೇ ರಸ್ತೆಯಲ್ಲಿರುವ ಆಷ್ಟನ್ ವಿಲ್ಲಾ ಎಂಬ ಹಳೆಯ ಇಟ್ಟಿಗೆ ಮನೆಯನ್ನು ನೋಡಿ ಬನ್ನಿ. ಆ ಮನೆಯನ್ನು ಮೇಲೆತ್ತಲಿಲ್ಲ, ನೆಲಮಾಳಿಗೆಗೆ ಮರಳು ತುಂಬಿಸಿದರು. ಮುಂದಿನ ಕಬ್ಬಿಣದ ಬೇಲಿ ಅಳತೆಗೆ ಮೀರಿ ಗಿಡ್ಡವಾಗಿ ಕಾಣುತ್ತದೆ. ಅದರ ಕೆಳಭಾಗ ಇಂದಿಗೂ ಮಣ್ಣಿನೊಳಗಿದೆ.